‘ಎಸ್‌ಎ’ ಪಾಸ್‌ವರ್ಡ್ ಬದಲಿಸಿದ್ದು ಯಾರು? ಜಾಡು ಹಿಡಿಯುವ ಬಗೆ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಎಸ್‌ಎ’ (ಸಿಸ್ಟಮ್ ಅಡ್ಮಿನಿಸ್ಟ್ರೇಟರ್) ಲಾಗಿನ್‌ಗೆ ಇಲ್ಲದ ಅಧಿಕಾರವಿಲ್ಲ. ಅದರ ಪಾಸ್‌ವರ್ಡ್ ಕೊನೆಯದಾಗಿ ಯಾವಾಗ ಬದಲಾಯಿತು ಎಂಬುದನ್ನು ‘ಲಾಗಿನ್‌ಪ್ರಾಪರ್ಟಿ’ ಫಂಕ್ಷನ್ ಹೇಳುತ್ತದೆ. ಲಾಗಿನ್ ಹೆಸರಿನ ಜೊತೆ ‘ಪಾಸ್‌ವರ್ಡ್‌ಲಾಸ್ಟ್‌ಸೆಟ್‌ಟೈಮ್’ ಎಂದು ಕೊಟ್ಟರೆ ಸಾಕು. ಬದಲಿಸಿದವರು ಯಾರೆಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಆಡಿಟ್ (ಯಾರು ಏನು ಮಾಡಿದರೆಂದು ದಾಖಲಿಸುವ ವ್ಯವಸ್ಥೆ) ಬೇಕು, ಅದೂ ಮೊದಲೇ ಚಾಲೂ ಆಗಿರಬೇಕು.

ಸರ್ವರ್ ನಿರ್ವಹಣೆಗೆ ಬಳಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ‘ಸೆಕ್ಯುರಿಟಿ’ ಫೋಲ್ಡರ್ ತೆರೆದು, ‘ಆಡಿಟ್ಸ್’ ಮೇಲೆ ಬಲ ಕ್ಲಿಕ್ ಮಾಡಿ ‘ನ್ಯೂ ಆಡಿಟ್’ ಆರಿಸಿ. ದಾಖಲೆ ಫೈಲ್‌ಗೆ ಹೋಗಬೇಕೋ ವಿಂಡೋಸ್ ಲಾಗ್‌ಗೆ ಹೋಗಬೇಕೋ ಎಂದು ಕೇಳುತ್ತದೆ. ಇಲ್ಲಿ ಅವಸರ ಬೇಡ. ನಿರ್ವಾಹಕರ ಮೇಲೆ ನಿಗಾ ಇಡುವ ದಾಖಲೆ ಅವರದೇ ಕೈಗೆಟುಕುವ ಫೋಲ್ಡರ್‌ನಲ್ಲಿದ್ದರೆ ಅದನ್ನು ಅಳಿಸಿಹಾಕುವುದು ಕಷ್ಟವೇನಲ್ಲ. ಹಾಗಾಗಿ ವಿಂಡೋಸ್ ಸೆಕ್ಯುರಿಟಿ ಲಾಗ್ ಆರಿಸುವುದೇ ಮೇಲು. ಅದರ ಪ್ರತಿ ಬೇರೊಂದು ಯಂತ್ರಕ್ಕೂ ಹೋಗುತ್ತಿದ್ದರೆ ಇನ್ನೂ ಒಳ್ಳೆಯದು. ಸೆಕ್ಯುರಿಟಿ ಲಾಗ್‌ಗೆ ಬರೆಯಲು ಸರ್ವರ್‌ನ ಸರ್ವಿಸ್ ಖಾತೆಗೆ (ಸರ್ವರ್ ಯಾವ ಖಾತೆಯಡಿ ಓಡುತ್ತದೋ ಅದಕ್ಕೆ) ‘ಜನರೇಟ್ ಸೆಕ್ಯುರಿಟಿ ಆಡಿಟ್ಸ್’ ಹಕ್ಕು ಕೊಡಬೇಕು, ವಿಂಡೋಸ್ ಆಡಿಟ್ ನೀತಿಯಲ್ಲಿ ‘ಅಪ್ಲಿಕೇಶನ್ ಜನರೇಟೆಡ್’ ವಿಭಾಗವನ್ನು ಚಾಲೂ ಮಾಡಬೇಕು.

ಬಳಿಕ, ಏನೇನು ದಾಖಲಿಸಬೇಕೆಂದು ತಿಳಿಸುವ ‘ಸರ್ವರ್ ಆಡಿಟ್ ಸ್ಪೆಸಿಫಿಕೇಶನ್ಸ್’ ಅಡಿಯಲ್ಲಿ ಹೊಸದೊಂದನ್ನು ರಚಿಸಿ, ‘ಲಾಗಿನ್_ಚೇಂಜ್_ಪಾಸ್‌ವರ್ಡ್_ಗ್ರೂಪ್’ ಸೇರಿಸಿ. ಜೊತೆಗೆ ‘ಆಡಿಟ್_ಚೇಂಜ್_ಗ್ರೂಪ್’ ಕೂಡ ಇರಲಿ. ಆಡಿಟ್‌ಗೇ ಯಾರಾದರೂ ಕೈ ಹಾಕಿದರೆ ಅದೂ ದಾಖಲಾಗುತ್ತದೆ. ರಚಿಸಿದ ಮಾತ್ರಕ್ಕೆ ಇವೆರಡೂ ಕೆಲಸ ಶುರು ಮಾಡುವುದಿಲ್ಲ. ಆಡಿಟ್ ಮೇಲೂ ಸ್ಪೆಸಿಫಿಕೇಶನ್ ಮೇಲೂ ಬಲ ಕ್ಲಿಕ್ ಮಾಡಿ ಚಾಲೂ ಮಾಡಿ.

ಈಗ ಪರೀಕ್ಷೆಗೆಂದು ಒಂದು ಲಾಗಿನ್ ರಚಿಸಿ, ಅದರ ಪಾಸ್‌ವರ್ಡ್ ಬದಲಿಸಿ ನೋಡಿ. ವಿಂಡೋಸ್ ಲಾಗ್‌ಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 33205 ಸಂಖ್ಯೆಯ ದಾಖಲೆ ಕಾಣಿಸಬೇಕು. ಅದರಲ್ಲಿ ‘ಸರ್ವರ್_ಪ್ರಿನ್ಸಿಪಲ್_ನೇಮ್’ ಎಂದರೆ ಬದಲಿಸಿದವರು, ‘ಟಾರ್ಗೆಟ್_ಸರ್ವರ್_ಪ್ರಿನ್ಸಿಪಲ್_ನೇಮ್’ ಎಂದರೆ ಯಾರ ಪಾಸ್‌ವರ್ಡ್ ಬದಲಾಯಿತೋ ಅವರು. ‘ಈವೆಂಟ್_ಟೈಮ್’ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ, ಸ್ಥಳೀಯ ಸಮಯ ಎಂದುಕೊಂಡು ತಪ್ಪು ವ್ಯಕ್ತಿಯನ್ನು ಪ್ರಶ್ನಿಸಬೇಡಿ.

ಎರಡೂ ಕಡೆ ‘ಎಸ್‌ಎ’ ಎಂದೇ ಇದ್ದರೆ? ನಾಲ್ಕಾರು ಜನ ಒಂದೇ ಲಾಗಿನ್ ಹಂಚಿಕೊಂಡಿರುವಲ್ಲಿ ಎಂಥ ಆಡಿಟ್ ಇದ್ದರೂ ವ್ಯಕ್ತಿ ಸಿಗುವುದಿಲ್ಲ. ಪ್ರತಿಯೊಬ್ಬ ನಿರ್ವಾಹಕರಿಗೂ ಪ್ರತ್ಯೇಕ ಲಾಗಿನ್ ಕೊಟ್ಟು ‘ಎಸ್‌ಎ’ಯನ್ನು ನಿಷ್ಕ್ರಿಯಗೊಳಿಸಿ. ಈ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ.

ನಿರ್ವಾಹಕರು ವಿಂಡೋಸ್ ಡೊಮೇನ್ ಖಾತೆಯಿಂದಲೇ ಲಾಗಿನ್ ಆಗುತ್ತಿದ್ದರೆ ಅವರ ಪಾಸ್‌ವರ್ಡ್ ಡೇಟಾಬೇಸ್‌ನಲ್ಲಿ ಇರುವುದೇ ಇಲ್ಲ. ಆಗ ಆ ಖಾತೆಗಳನ್ನು ನಿರ್ವಹಿಸುವ ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್ ನೋಡಬೇಕು: ತಮ್ಮ ಪಾಸ್‌ವರ್ಡ್ ತಾವೇ ಬದಲಿಸಲು ಹೋದರೆ 4723 ಸಂಖ್ಯೆಯ ದಾಖಲೆ, ಇನ್ನೊಬ್ಬರದನ್ನು ರೀಸೆಟ್ ಮಾಡಲು ಹೋದರೆ 4724.