ಪಾಟ್ಟಿ ನಕ್ಕ ಮೇಲೆ ಶುರುವಾದ ತಮಿಳು ಪಾಠ

ನನ್ನದು ಕನ್ನಡ, ಯಜಮಾನರದು ಮದುರೆಯ ತಮಿಳು, ಮನೆ ಸಿಂಗಪುರದಲ್ಲಿ. ಇಲ್ಲಿ ತಮಿಳು ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ಹಾಗಾಗಿ ಮಗ ಶಾಲೆಯಲ್ಲೂ ಅದನ್ನೇ ಕಲಿಯುತ್ತಾನೆ. ಡಿಕ್ಟೇಷನ್‌ನಲ್ಲಿ ಹತ್ತಕ್ಕೆ ಹತ್ತು. ಆದರೆ ಒಮ್ಮೆ ವಿಡಿಯೋ ಕಾಲ್‌ನಲ್ಲಿ ಪಾಟ್ಟಿ (ಅಜ್ಜಿ) "ಸಾಪ್ಟಿಯಾ ಕಣ್ಣಾ?" (ಊಟ ಆಯ್ತಾ ಕಂದಾ?) ಎಂದು ಕೇಳಿದರೆ ಇವನು "ನಾನ್ ಉಣವು ಉಂಡೇನ್" ಎಂದು ಪುಸ್ತಕದ ತಮಿಳಿನಲ್ಲಿ ಹೇಳಿದ. ಪಾಟ್ಟಿಗೆ ನಗು ತಡೆಯಲಾಗಲಿಲ್ಲ. ಎರಡು ವಾರ ಇವನು ಫೋನ್ ಹತ್ತಿರ ಬರಲಿಲ್ಲ.

ತಪ್ಪು ಅವನದಲ್ಲ. ತಮಿಳಿನಲ್ಲಿ ಬರೆಯುವ ಮಾತೇ ಬೇರೆ, ಆಡುವ ಮಾತೇ ಬೇರೆ. ಪುಸ್ತಕದಲ್ಲಿ ‘ಇರುಕ್ಕಿರದು’, ಬಾಯಲ್ಲಿ ‘ಇರುಕ್ಕು’. ಮನೆಯಲ್ಲಿ ಕಲಿಸಬೇಕಾದದ್ದು ಈ ಎರಡನೆಯದು. ಮೊದಲನೆಯದನ್ನು ಶಾಲೆ ನೋಡಿಕೊಳ್ಳುತ್ತದೆ.

ದಿನದ ಒಂದು ಕೆಲಸವನ್ನು ತಮಿಳಿಗೆ ಬಿಟ್ಟುಕೊಡಿ, ಸಾಕು. ಇಡೀ ದಿನ ತಮಿಳೇ ಎಂಬ ನಮ್ಮ ಶಪಥ ಮೂರು ದಿನ ಬಾಳಿತು. ಈಗ ರಾತ್ರಿ ತಟ್ಟೆ ಹಾಕುವುದರಿಂದ ತಟ್ಟೆ ತೊಳೆಯುವ ತನಕ ಅಪ್ಪ-ಮಗ ತಮಿಳಿನಲ್ಲಿ. ನಡುವೆ ಇಂಗ್ಲಿಷ್ ಬಂದರೆ ಬರಲಿ. ಅವನು ತಪ್ಪಿದರೆ ಅಪ್ಪ ತಿದ್ದುವುದಿಲ್ಲ, ಅದೇ ಮಾತನ್ನು ಸರಿಯಾಗಿ ಹೇಳಿ ಮುಂದೆ ಹೋಗುತ್ತಾರೆ. ಭಾನುವಾರ ಟೆಕ್ಕಾ ಮಾರ್ಕೆಟ್. ತಕ್ಕಾಳಿ, ವೆಂಗಾಯಂ, ಮುರುಂಗೈಕ್ಕಾಯ್ ಅಂತ ಚೀಟಿ ಅವನೇ ಬರೆಯಬೇಕು, ಬೆಲೆಯೂ ಅವನೇ ಕೇಳಬೇಕು. ನಾನು ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

247 ಅಕ್ಷರಗಳ ಚಾರ್ಟ್ ಗೋಡೆಗೆ ಅಂಟಿಸಿ ಹೆದರಿಸಬೇಡಿ. 12 ಸ್ವರ, 18 ವ್ಯಂಜನ, ಆಯ್ದಂ ಎಂಬ ಮೂರು ಚುಕ್ಕಿಯ ಅಕ್ಷರ ಒಂದು. ಉಳಿದ 216 ನಮ್ಮ ಕಾಗುಣಿತದ ಹಾಗೆ ಕೂಡಿಸಿದವು. ನಿಜವಾದ ಕಷ್ಟ ಬೇರೆ: ಪ, ಬ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಿಗೆ ಬಂದರೆ ಪ (ಪಾಲ್), ಒತ್ತು ಬಂದರೂ ಪ (ಅಪ್ಪಾ), ಮ್ ಆದಮೇಲೆ ಬ (ತಂಬಿ), ಎರಡು ಸ್ವರಗಳ ನಡುವೆಯೂ ಬ. ಇಲ್ಲಿ ಕಟ್ಟಡ ಕಟ್ಟುವ ಕಡೆಯೆಲ್ಲ ಅಪಾಯದ ಬೋರ್ಡ್ ನಾಲ್ಕು ಭಾಷೆಗಳಲ್ಲಿರುತ್ತದೆ. ಅದರಲ್ಲಿ ‘ಅಬಾಯಂ’ ಓದಿದ ದಿನ ಅವನಿಗೆ ಈ ಲೆಕ್ಕ ಹತ್ತಿತು. ಲೆಕ್ಕಕ್ಕೆ ಸಿಗದವೂ ಇವೆ. ಬಸ್ಸನ್ನು ‘ಪಸ್’ ಎಂದೇ ಬರೆಯಬೇಕು, ಏನು ಮಾಡೋದು!

ನನ್ನ ಪಾಲಿನದು ಒಂದು ಆಟ. ಕನ್ನಡದ ಹ ತೆಗೆದು ಪ ಹಾಕುವುದು. ಹಾಲು ಪಾಲ್, ಹುಲಿ ಪುಲಿ, ಹಲ್ಲು ಪಲ್, ಹತ್ತು ಪತ್ತು, ಹಾವು ಪಾಂಬು. ಬ ಇದ್ದರೆ ವ: ಬೆಲ್ಲ ವೆಲ್ಲಂ, ಬಾ ವಾ. ನಿಮ್ಮ ಮನೆಯಲ್ಲೂ ಕನ್ನಡ ಇದ್ದರೆ ಇದನ್ನು ಬಿಡಬೇಡಿ, ಮಗುವಿಗೆ ಪುಕ್ಕಟೆ ನೂರು ಪದ ಸಿಗುತ್ತವೆ. ಒಮ್ಮೆ ದೀಪಾವಳಿಗೆ ಫೋನಿನಲ್ಲಿ ಹಬ್ಬಕ್ಕೆ ತಮಿಳಿನಲ್ಲಿ ಇಲ್ಲದ ‘ಪಬ್ಬ’ ಎಂದು ಮತ್ತೆ ನಗಿಸಿದ. ಈ ಸಲ ತಾನೂ ನಕ್ಕ.

ಬಾಳೆಹಣ್ಣಿನ ‘ವಾೞೈಪ್ಪೞಂ’ ಮಾತ್ರ ಅಪ್ಪನಿಗೇ ಬಿಟ್ಟಿದ್ದೇನೆ. ನಾಲಿಗೆ ಹಿಂದಕ್ಕೆ ಮಡಚಿ ಹೇಳುವ ಆ ೞ ನನ್ನ ನಾಲಿಗೆಗೆ ಹೊರಳುವುದೇ ಇಲ್ಲ.