ಹಿಮಾಲಯದಲ್ಲಿ ಗೈಡ್ ಆಗಬೇಕೆ? ‘ಎ’ ಗ್ರೇಡಿನ ಮೇಲೆ ಕಣ್ಣಿಡಿ

ಕುಮಾರ ಪರ್ವತ ಹತ್ತಿ ಬಂದ ಹುಡುಗರು ನನ್ನನ್ನು ಕೇಳುವುದು ಒಂದೇ: “ಅಣ್ಣಾ, ಹಿಮಾಲಯದಲ್ಲಿ ಗೈಡ್ ಆಗೋಕೆ ಏನು ಮಾಡಬೇಕು?”

ಮೊದಲು ಬೇಸಿಕ್ ಮೌಂಟೆನಿಯರಿಂಗ್ ಕೋರ್ಸ್, ನಾವೆಲ್ಲ ಬಿಎಂಸಿ ಅನ್ನುವುದು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ (ನಿಮ್), 1954ರಲ್ಲಿ ಶುರುವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ (ಎಚ್‌ಎಂಐ), ಮನಾಲಿ, ಪಹಲ್ಗಾಮ್‌ನ ಸಂಸ್ಥೆಗಳು: ಎಲ್ಲಿ ಮಾಡಿದರೂ ಸುಮಾರು ನಾಲ್ಕು ವಾರ. ಸೀಟು ಬೇಗ ತುಂಬುತ್ತದೆ, ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ. ಕಾಯುವ ತಿಂಗಳುಗಳಲ್ಲಿ ರಾಮನಗರ, ಬಾದಾಮಿಯ ಬಂಡೆಗಳ ಮೇಲೆ ಕೈ ಪಳಗಿಸಿಕೊಳ್ಳಿ. ಬೆನ್ನಿಗೆ ಭಾರ ಹೊತ್ತು ಮೆಟ್ಟಿಲು ಹತ್ತಿ. ಜೇಬಿನಲ್ಲಿ ಹಗ್ಗದ ತುಂಡೊಂದು ಇರಲಿ. ಫಿಗರ್ ಆಫ್ ಏಯ್ಟ್, ಕ್ಲೋವ್ ಹಿಚ್ ಗಂಟುಗಳನ್ನು ದಪ್ಪ ಕೈಗವಸು ತೊಟ್ಟು, ಕಣ್ಣು ಮುಚ್ಚಿ ಹಾಕುವಷ್ಟು ರೂಢಿಯಾಗಬೇಕು. ಆ ಚಳಿಯಲ್ಲಿ ಬೆರಳು ಹೇಳಿದ ಮಾತು ಕೇಳುವುದಿಲ್ಲ.

ಕೋರ್ಸ್ ಮುಗಿಸಿದರೆ ಸಾಲದು, ‘ಎ’ ಗ್ರೇಡ್ ಬರಬೇಕು. ಬಂದರೆ ಮಾತ್ರ ಅಡ್ವಾನ್ಸ್ಡ್ ಕೋರ್ಸ್. ಅಲ್ಲೂ ‘ಎ’ ಬಂದರೆ ಮೆಥಡ್ ಆಫ್ ಇನ್‌ಸ್ಟ್ರಕ್ಷನ್. ಬೇರೆಯವರಿಗೆ ಕಲಿಸುವುದನ್ನು ಕಲಿಯುವುದು ಅಲ್ಲೇ. ಹಿಮದ ಇಳಿಜಾರಿನಲ್ಲಿ ಬೇಕೆಂದೇ ಜಾರಿ, ಹೊಟ್ಟೆಯ ಮೇಲೆ ಮಗುಚಿ, ಐಸ್ ಆಕ್ಸ್‌ನ (ಹಿಮಗೊಡಲಿಯ) ಮೊನೆಯನ್ನು ಎದೆಭಾರದಿಂದ ಒತ್ತಿ ನಿಲ್ಲುವ ಅಭ್ಯಾಸವನ್ನು ಎಷ್ಟು ಸಲ ಮಾಡಿಸಿದರೂ ಬೇಸರಿಸಬೇಡಿ. ನಿಜವಾಗಿ ಜಾರಿದಾಗ ಯೋಚಿಸಲು ಸಮಯ ಸಿಗುವುದಿಲ್ಲ.

ನಮ್ಮವರು ಹೆಚ್ಚಾಗಿ ಬಿಟ್ಟುಬಿಡುವುದು ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್, ಅಂದರೆ ಆಸ್ಪತ್ರೆ ದೂರವಿರುವ ಜಾಗದಲ್ಲಿ ಪ್ರಥಮ ಚಿಕಿತ್ಸೆ ಕೊಡುವ ತರಬೇತಿಯನ್ನು. ನನ್ನ ಮಟ್ಟಿಗೆ ಅದಿಲ್ಲದವರು ಗೈಡ್ ಅಲ್ಲ. ಎತ್ತರದಲ್ಲಿ ಯಾರಾದರೂ ತಲೆನೋವು ಅಂದರೆ ನಾನು ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗಿಸಿಕೊಂಡು ನೇರ ಗೆರೆಯಲ್ಲಿ ನಡೆಸಿ ನೋಡುತ್ತೇನೆ. ಓಲಾಡಿದರೆ ಮಿದುಳಿಗೆ ನೀರು ತುಂಬುತ್ತಿರಬಹುದು. ಬೆಳಗಾಗಲಿ ಎಂದು ಕಾಯಬಾರದು, ಜೊತೆಗೊಬ್ಬರನ್ನು ಕೊಟ್ಟು ಆಗಲೇ ಕೆಳಗಿಳಿಸಬೇಕು. ಶಿಖರಕ್ಕೆ ದುಡ್ಡು ಕೊಟ್ಟು ಬಂದವರಿಗೆ “ಇಳಿಯೋಣ” ಎನ್ನುವ ಗಟ್ಟಿತನ ಸರ್ಟಿಫಿಕೇಟಿನಿಂದ ಬರುವುದಿಲ್ಲ. ಅದಕ್ಕಾಗಿ ಒಂದೆರಡು ಸೀಸನ್ ಹಿರಿಯ ಗೈಡ್ ಕೈಕೆಳಗೆ ಸಹಾಯಕರಾಗಿ ದುಡಿಯಿರಿ. ಸಂಬಳ ಕಡಿಮೆ, ಕಲಿಕೆ ಅಪಾರ.

ಆಲ್ಪ್ಸ್‌ನಲ್ಲಿ ಗೈಡ್ ಆಗಿ ದುಡಿಯುವ ಆಸೆಯಿದ್ದರೆ ದಾರಿಯೇ ಬೇರೆ. ಅಲ್ಲಿ ನಡೆಯುವುದು ಐಎಫ್‌ಎಂಜಿಎ, ಅಂದರೆ ಪರ್ವತ ಗೈಡ್‌ಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಬ್ಯಾಡ್ಜ್. ನೇಪಾಳ 2012ರಲ್ಲಿ ಆ ಒಕ್ಕೂಟದ ಸದಸ್ಯತ್ವ ಪಡೆಯಿತು. ಭಾರತ ಇನ್ನೂ ಸದಸ್ಯ ದೇಶವಲ್ಲ. ಆ ಬ್ಯಾಡ್ಜ್ ಸಿಗಬೇಕಾದರೆ ಬಂಡೆ, ಹಿಮ, ಸ್ಕೀ ಮೂರರಲ್ಲೂ ವರ್ಷಗಟ್ಟಲೆ ಪಳಗಿರಬೇಕು, ಹತ್ತಿದ್ದಕ್ಕೆಲ್ಲ ಲೆಕ್ಕ ಕೊಡಬೇಕು. ಹಾಗಾಗಿ ಇವತ್ತೇ ಒಂದು ನೋಟ್‌ಬುಕ್ ಶುರುಮಾಡಿ: ದಿನಾಂಕ, ಮಾರ್ಗ, ಹವಾಮಾನ, ಹಗ್ಗದ ಮುಂದಿನ ತುದಿಯಲ್ಲಿ ಇದ್ದವರು ನೀವೋ ಬೇರೆಯವರೋ ಎಂಬುದು.