ಅಂಗಳದ ಕೆಲಸಕ್ಕೆ ಹಳೆ ಟ್ರ್ಯಾಕ್ಟರ್: ನಾನು ಹಿಂದಿನಿಂದ ನೋಡಿಕೊಂಡು ಬಂದದ್ದು

ಹಿರಿಯಡ್ಕದ ಹತ್ತಿರ ನಮ್ಮ ಮನೆ. ಮನೆ ಎದುರು ದೊಡ್ಡ ಅಂಗಳ, ಅದರ ಕೆಳಗೆ ತೆಂಗು, ಇನ್ನೂ ಕೆಳಗೆ ಅಡಿಕೆ ತೋಟ. ಗದ್ದೆ ಮಾಡುವುದು ಬಿಟ್ಟು ಬಹಳ ಕಾಲವಾಯಿತು. ಹಾಗಾಗಿ ಉಳುಮೆಗೆ ಟ್ರ್ಯಾಕ್ಟರ್ ಬೇಕಿರಲಿಲ್ಲ. ಹಟ್ಟಿ ಗೊಬ್ಬರ ಸಾಗಿಸಬೇಕು, ಮಡಲು ಎಳೆದು ತರಬೇಕು, ಮಳೆಗೆ ಕೊಚ್ಚಿಹೋದ ದಾರಿಗೆ ಮಣ್ಣು ಹಾಕಿ ಸಮ ಮಾಡಬೇಕು, ದೀಪಾವಳಿ ಹೊತ್ತಿಗೆ ಅಡಿಕೆ ಒಣಗಿಸುವ ಅಂಗಳ ಕೆತ್ತಿ ಹದ ಮಾಡಬೇಕು. ಇಷ್ಟಕ್ಕೆ ಹೊಸ ಟ್ರ್ಯಾಕ್ಟರ್ ತಂದರೆ ವರ್ಷದ ಮುಕ್ಕಾಲು ಪಾಲು ಶೆಡ್ಡಿನಲ್ಲೇ ನಿಂತಿರುತ್ತದೆ. ಅದಕ್ಕೆ ಸಾಲದ ಕಂತು ಕಟ್ಟುವ ಮನಸ್ಸು ನನಗೆ ಇರಲಿಲ್ಲ.

ಬಾಡಿಗೆಗೆ ತರಬಹುದಲ್ಲ ಅಂತ ನೀವು ಕೇಳಬಹುದು. ಸರ್ಕಾರದ ಯೋಜನೆಯ ಬಾಡಿಗೆ ಯಂತ್ರ ಕೇಂದ್ರವಾದ ಕೃಷಿ ಯಂತ್ರಧಾರೆಯಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ. ಗದ್ದೆ ಇರುವವರಿಗೆ ಅದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ನಮ್ಮದು ಚಿಲ್ಲರೆ ಕೆಲಸ. ಇವತ್ತು ಅರ್ಧ ಗಂಟೆ, ನಾಲ್ಕು ದಿನ ಬಿಟ್ಟು ಮತ್ತೊಂದು ಗಂಟೆ. ಅಷ್ಟಕ್ಕೆ ಯಾರು ಗಾಡಿ ತರುತ್ತಾರೆ? ಮೇ ಕೊನೆಗಂತೂ ಎಲ್ಲರಿಗೂ ಒಟ್ಟಿಗೇ ಬೇಕು.

ಮೊದಲು ಗಾತ್ರದ ವಿಷಯ. ನಮ್ಮ ಕಡೆ ಅಡಿಕೆ ಸಾಮಾನ್ಯವಾಗಿ 9 ಅಡಿಗೆ 9 ಅಡಿ ಅಂತರದಲ್ಲಿ ನೆಟ್ಟಿರುತ್ತಾರೆ. ದೊಡ್ಡ ಟ್ರ್ಯಾಕ್ಟರ್ ಸಾಲಿನಲ್ಲಿ ನೇರ ಹೋದೀತು, ತಿರುಗಲಾರದು. ಬೇರು, ಸ್ಪ್ರಿಂಕ್ಲರ್ ಪೈಪು, ಕಣಿ ಎಲ್ಲ ಹಾಳಾಗುತ್ತದೆ. ತೋಟದೊಳಗೆ ಹೋಗಬೇಕೆಂದರೆ ಮಿತ್ಸುಬಿಷಿ ಶಕ್ತಿಯಂಥ 18.5 ಎಚ್‌ಪಿಯ ಸಣ್ಣ ಗಾಡಿಯೇ ಸರಿ. ಆದರೆ ನಾನು ವಿಚಾರಿಸಿದಲ್ಲೆಲ್ಲ ಅದರ ಹಳೆ ಗಾಡಿಗೂ ಬೆಲೆ ಜಾಸ್ತಿಯೇ ಇತ್ತು. ಕೊನೆಗೆ ತೋಟದೊಳಗೆ ಕೈಗಾಡಿಯೇ ಇರಲಿ, ಟ್ರ್ಯಾಕ್ಟರ್ ಅಂಗಳಕ್ಕೆ, ದಾರಿಗೆ, ತೆಂಗಿನ ಬುಡಕ್ಕೆ ಸಾಕು ಅಂತ ತೀರ್ಮಾನಿಸಿದೆ. ತೆಂಗಿಗೆ 25 ಅಡಿ ಅಂತರ ಇರುವುದರಿಂದ ಅಲ್ಲಿ ತೊಂದರೆ ಇಲ್ಲ.

ಆಮೇಲೆ ಉಳಿದದ್ದು 25ರಿಂದ 36 ಎಚ್‌ಪಿಯ ಹಳೆ ಗಾಡಿಗಳು. ಮಹೀಂದ್ರಾ 265, ಮ್ಯಾಸಿ 1035, ಎಚ್‌ಎಂಟಿ 2522 ಮೂರನ್ನೂ ನೋಡಿದೆ. ಎಚ್‌ಎಂಟಿ ನನಗೆ ತುಂಬಾ ಇಷ್ಟವಾಗಿತ್ತು. ಚೊಕ್ಕ ಗಾಡಿ, ಜೋಪಾನವಾಗಿ ಇಟ್ಟುಕೊಂಡಿದ್ದರು. ಆದರೆ ಆ ಕಂಪನಿ 2016ರಲ್ಲೇ ಟ್ರ್ಯಾಕ್ಟರ್ ಮಾಡುವುದನ್ನು ನಿಲ್ಲಿಸಿದೆ. ಉಡುಪಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಫಿಲ್ಟರ್ ಉಂಟು ಅಂದರು, ಹಿಂದಿನ ಭಾರ ಎತ್ತುವ ಹೈಡ್ರಾಲಿಕ್‌ನ ಪಂಪ್ ತರಿಸಬೇಕು ಅಂದರು. ಮಳೆಗಾಲದ ಬಾಗಿಲಲ್ಲಿ ಗಾಡಿ ಕೈಕೊಟ್ಟರೆ ತರಿಸುವಷ್ಟು ಹೊತ್ತು ನನಗಿಲ್ಲ. ಬಿಟ್ಟೆ.

ನಮ್ಮ ಮೆಕ್ಯಾನಿಕ್ ಅಣ್ಣನನ್ನು ಜೊತೆಗೆ ಬನ್ನಿ ಅಂತ ಕರೆದಾಗ ಅವರು ಒಂದು ಮಾತು ಹೇಳಿದರು. "ಇಂಜಿನ್ ಹೋದ್ರೆ ನಾನು ಮಾಡಿ ಕೊಡ್ತೇನೆ ಮಾರಾಯ್ರೆ. ನೀವು ಹಿಂದಿನದ್ದು ಸರಿ ನೋಡಿ." ಎಲ್ಲರೂ ಇಂಜಿನ್ ಸದ್ದು ಕೇಳಿಯೇ ಬೆಲೆ ಕಟ್ಟುತ್ತಾರೆ. ಅಂಗಳದ ಕೆಲಸಕ್ಕೆ ಇಂಜಿನ್‌ನ ಪೂರ್ತಿ ಶಕ್ತಿ ಎಲ್ಲಿ ಬೇಕಾಗುತ್ತದೆ? ದಿನವೂ ಬೇಕಾದದ್ದು ಹೈಡ್ರಾಲಿಕ್, ಬ್ರೇಕ್, ಕ್ಲಚ್. ನಮ್ಮ ಜಾಗ ಇಳಿಜಾರು ಬೇರೆ. ಅಲ್ಲಿಂದ ಮುಂದೆ ನಾನು ನೋಡಿದ ಗಾಡಿಗಳನ್ನೆಲ್ಲ ಹಿಂದಿನಿಂದಲೇ ನೋಡಿದೆ.

ಹೈಡ್ರಾಲಿಕ್ ಪರೀಕ್ಷೆಗೆ ಸುಮ್ನೆ ಖಾಲಿ ತೋಳು ಎತ್ತಿ ತೋರಿಸಿದರೆ ಸಾಲದು. ಹಿಂದೆ ಕಲ್ಟಿವೇಟರ್ (ಮಣ್ಣು ಸಡಿಲಿಸುವ ಹಲ್ಲಿನ ಸಾಧನ) ಸಿಕ್ಕಿಸಿ, ಅದರ ಮೇಲೆ ಎರಡು ಮುರಕಲ್ಲು ಕಟ್ಟಿ ಎತ್ತಲು ಹೇಳುತ್ತಿದ್ದೆ. ಎತ್ತಿದ ಮೇಲೆ ಇಂಜಿನ್ ಓಡುತ್ತಲೇ ಇರಲಿ, ಸ್ವಲ್ಪ ಹೊತ್ತು ನೋಡಬೇಕು. ಭಾರ ತೊಟ್ಟಿಲಿನ ಹಾಗೆ ಮೇಲೆ ಕೆಳಗೆ ಆಡುತ್ತಿದ್ದರೆ ಒಳಗೆ ಎಲ್ಲೋ ಆಯಿಲ್ ಸೋರುತ್ತಿದೆ ಅಂತ ಲೆಕ್ಕ. ಆಮೇಲೆ ಇಂಜಿನ್ ಬಂದ್ ಮಾಡಿ ನೋಡಬೇಕು. ಹಳೆ ಗಾಡಿಯಲ್ಲಿ ಭಾರ ನಿಧಾನಕ್ಕೆ ಇಳಿಯುವುದು ಇದ್ದದ್ದೇ. ಕಣ್ಣೆದುರೇ ದಡಕ್ಕನೆ ಇಳಿದರೆ ಪಿಸ್ಟನ್ ಸೀಲಿನಿಂದ ಹಿಡಿದು ಕಂಟ್ರೋಲ್ ವಾಲ್ವ್‌ವರೆಗೆ ಬಿಚ್ಚಬೇಕಾದೀತು.

ಕರಾವಳಿಯ ಗಾಡಿಗಳಿಗೆ ಇನ್ನೊಂದು ವಿಷಯ ಉಂಟು. ಕೆಸರಿನಲ್ಲಿ ಹೂತುಹೋಗದಂತೆ ಕಬ್ಬಿಣದ ಪಂಜರದಂಥ ಚಕ್ರ, ಅಂದರೆ ಕೇಜ್ ವೀಲ್ ಹಾಕಿ ಕೆಸರು ಗದ್ದೆಯಲ್ಲಿ ವರ್ಷಗಟ್ಟಲೆ ದುಡಿದವು ಅವು. ಆಕ್ಸಲ್ ಸೀಲ್ ಸವೆದರೆ ಕೆಸರು ನೀರು ಒಳಗೆ ಹೋಗುತ್ತದೆ. ಗಾಡಿ ಒಂದು ರಾತ್ರಿ ನಿಂತ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ಹಿಂದಿನ ಹೌಸಿಂಗ್‌ನ ಡ್ರೈನ್ ಬೋಲ್ಟ್ ಒಂದು ಸುತ್ತು ಸಡಿಲಿಸಿ ನೋಡಿ. ನೀರು ಆಯಿಲ್‌ಗಿಂತ ಭಾರ, ಅಡಿಯಲ್ಲೇ ಕೂತಿರುತ್ತದೆ. ಮೊದಲು ನೀರು ಬಂದರೆ, ಅಥವಾ ಆಯಿಲ್ ಬೆಳ್ಳಗೆ ತಿರುಗಿದ್ದರೆ, ಗೇರು ಬೇರಿಂಗ್‌ಗಳು ಎಷ್ಟು ಉಳಿದಿವೆಯೋ ಹೇಳಲಾಗದು. ನೋಡಲು ಬಹಳ ಚಂದ ಇದ್ದ, ಹೊಸ ಬಣ್ಣ ಹೊಡೆದ ಒಂದು ಗಾಡಿಯನ್ನು ಇದೇ ಕಾರಣಕ್ಕೆ ಬೇಡ ಅಂದೆ. ಬೋಲ್ಟ್ ಮುಟ್ಟಲು ಬಿಡದವರ ಗಾಡಿಯನ್ನೂ ನಾನು ಮುಂದೆ ನೋಡಲಿಲ್ಲ.

ಬ್ರೇಕ್ ನೋಡುವಾಗ ಎಡ, ಬಲ ಹಿಂದಿನ ಚಕ್ರಕ್ಕೆ ಒಂದೊಂದರಂತೆ ಇರುವ ಎರಡೂ ಪೆಡಲ್ ಬೇರೆ ಬೇರೆಯಾಗಿ ಒತ್ತಿ ನೋಡಬೇಕು. ಒಂದು ಹಿಡಿದು ಇನ್ನೊಂದು ಜಾರಿದರೆ ಇಳಿಜಾರಿನಲ್ಲಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಿಂದಿನ ಚಕ್ರದ ಒಳಬದಿಯಲ್ಲಿ ಆಯಿಲ್ ಕಲೆ ಇದ್ದರೆ ಸೀಲ್ ಸೋರಿ ಬ್ರೇಕ್ ಲೈನಿಂಗ್ ನೆನೆದಿರಬಹುದು. ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿದರೆ ಬೇರಿಂಗ್, ಕಿಂಗ್ ಪಿನ್, ನಡುವಿನ ಪಿನ್ ಎಲ್ಲದರ ಸವೆತ ಕೈಗೇ ಗೊತ್ತಾಗುತ್ತದೆ. ಹಿಂದಿನ ಟೈರ್ ಬದಿಯಲ್ಲಿ ಬಿರುಕು ಬಿಟ್ಟಿದ್ದರೆ ಜೋಡಿ ಟೈರಿನ ಹಣ ಬೆಲೆಯಲ್ಲೇ ಇಳಿಸಿ. ಅದು ಸಣ್ಣ ಮೊತ್ತ ಅಲ್ಲ.

ಇಂಜಿನ್ ನೋಡಲೇ ಇಲ್ಲ ಅಂತಲ್ಲ. ಬೆಳಿಗ್ಗೆ ಬೇಗ ಹೋಗಿ ಮೊದಲು ಕೈಯಿಟ್ಟು ನೋಡುತ್ತಿದ್ದೆ. ಬಿಸಿ ಇದ್ದರೆ ನಾನು ಬರುವ ಮೊದಲೇ ಓಡಿಸಿದ್ದಾರೆ ಅಂತ ಅರ್ಥ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರನ್ನು ನಾನು ನಂಬಲಿಲ್ಲ, ಹೆಚ್ಚಿನವುಗಳಲ್ಲಿ ಅದು ನಿಂತೇ ಹೋಗಿತ್ತು.

ಕಾಗದಪತ್ರದಲ್ಲಿ ರಾಜಿ ಬೇಡ. ಚಾಸಿ ನಂಬರು, ಇಂಜಿನ್ ನಂಬರು ಆರ್‌ಸಿಗೆ ಹೋಲಿಸಿ ನೋಡಿ. ಬ್ಯಾಂಕ್ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸಲು ಬೇಕಾದ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಿಸಲು ಫಾರ್ಮ್ 29, 30 ಬೇಕು. 15 ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಿಸಿದ್ದಾರಾ ಅಂತಲೂ ಕೇಳಿ. ಎಷ್ಟೋ ಮಂದಿ ಅದನ್ನು ಹಾಗೇ ಬಿಟ್ಟಿರುತ್ತಾರೆ.

ಕೊನೆಗೆ ಮಹೀಂದ್ರಾ 265 ತೆಗೆದುಕೊಂಡೆ. 30 ಎಚ್‌ಪಿ, ಮೂರು ಸಿಲಿಂಡರ್. ಬಣ್ಣ ಮಾಸಿದೆ, ಮಡ್‌ಗಾರ್ಡ್ ತುಕ್ಕು ಹಿಡಿದಿದೆ, ಆದರೆ ಲಿಫ್ಟ್ ಮತ್ತು ಬ್ರೇಕ್ ಗಟ್ಟಿ. ಬೆಲೆಯ ಐದನೇ ಒಂದು ಪಾಲನ್ನು ಮೊದಲೇ ರಿಪೇರಿಗೆ ತೆಗೆದಿಟ್ಟಿದ್ದೆ. ಎಲ್ಲ ಆಯಿಲ್, ಫಿಲ್ಟರ್, ಮುಂದಿನ ಎರಡು ಟೈರ್, ಬ್ಯಾಟರಿಗೆ ಅದು ಸರಿಯಾಯಿತು. ಹಿಂದೆ ಸಿಕ್ಕಿಸಿದ ಯಂತ್ರಕ್ಕೆ ಇಂಜಿನ್ ಶಕ್ತಿ ಕೊಡುವ ಪಿಟಿಒ ಶಾಫ್ಟ್‌ಗೆ ಗಾರ್ಡ್ ಇರಲಿಲ್ಲ. ಮನೆಯಲ್ಲಿ ಮಕ್ಕಳು ಓಡಾಡುವುದರಿಂದ ಮೊದಲು ಅದನ್ನೇ ಮಾಡಿಸಿದೆ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟ್‌ಗೆ ಲುಂಗಿಯ ತುದಿ ಸಿಕ್ಕಿದರೂ ಸಾಕು, ಬಿಡಿಸಿಕೊಳ್ಳಲು ಆಗುವುದಿಲ್ಲ.

ಈಗ ಲೆವೆಲರ್ ಬ್ಲೇಡ್ ನಮ್ಮದೇ ಉಂಟು. ಟ್ರೈಲರ್ ಮಾತ್ರ ಬೇಕಾದಾಗ ಪಕ್ಕದ ಮನೆಯ ಶೆಟ್ರಿಂದ ತರುತ್ತೇನೆ, ಬದಲಿಗೆ ಅವರ ಅಂಗಳವನ್ನೂ ಕೆತ್ತಿ ಕೊಡುತ್ತೇನೆ.